ಮುಂದಿನ ಚಾಪೆ

ಬೆಳಗಾವಿಯಲ್ಲಿ ಕಾಂಗ್ರೆಸ್ಸು ನೆರೆದುಹೋದ ಮರುವರ್ಷ ರವಿವಾರ ಪೇಟೆಯ ಚಂಪಾಬಾಯಿಗೆ ಹೊಟ್ಟೆಕಿಚ್ಚು ಹತ್ತಿತು. ಹೊಟ್ಟೆಕಿಚ್ಚು ಮೊದಲೂ ಇತ್ತೆನ್ನಿ. ಆ ವರ್ಷ ಅದಕ್ಕೊಂದು ಕಾರಣ ಸಿಕ್ಕಿತು, ಅಷ್ಟೆ.

ಕಾರಣ ನೂಲು. ಕಾಂಗ್ರೆಸ್ಸಿನ ಸದಸ್ಯರಾಗಬೇಕಾದರೆ ಆಗ ತಿಂಗಳಿಗೆ ಎರಡು ಸಾವಿರ ಗಜ ನೂಲು ಕೊಡಬೇಕಿತ್ತು. ತಾನೇ ನೂತದ್ದಾಗಲಿ, ಆಗದಿದ್ದರೆ ಬೇರೆಯವರ ಕೈಲಿ ನೂಲಿಸಿದ್ದಾಗಲಿ, ನಡೆಯುತ್ತಿತ್ತು. ಪೇಟೆಯ ಹೆಂಗಸರಿಂದ ನೂಲು ತೆಗೆದುಕೊಳ್ಳುತ್ತಿದ್ದವರು ಗುರುಪಾದಪ್ಪ ಮಾಸ್ತರು. ಅವರು ತಮ್ಮದೇ ಒಂದು ಪದ್ಧತಿ ಹಾಕಿದ್ದರು. ತಿಂಗಳ ಕೊನೆಯ ರವಿವಾರ ಮಧ್ಯಾಹ್ನ ಸಭೆ ಕೂಡಿಸಿ, ಸುತ್ತಿ ತಂದ ನೂಲಿನ ಒಂದೊಂದೇ ಲಡಿಯನ್ನು ಬೆಳಕಿಗೆ ಹಿಡಿದು ನೋಡಿ, ಯಾರ ನೂಲು ಎಲ್ಲಕ್ಕಿಂತ ಸಣ್ಣದೋ ಅವರನ್ನು ಮುಂದಿನ ಚಾಪೆಯ ಮೇಲೆ ಕೂಡಿಸುವುದು. ಸಾಹುಕಾರರ ಹೆಂಡತಿಯಾಗಲಿ, ಕೂಲಿಯವಳಾಗಲಿ, ನೂಲು ಕಂಡಂತೆ ಜಾಗ.

ಆ ಚಾಪೆಯ ಮೇಲೆ ನಾಲ್ಕು ತಿಂಗಳಿಂದ ಕೂತವಳು ಅಕ್ಕಾತಾಯಿ. ಚಂಪಾಬಾಯಿಯ ಮೈದುನನ ಹೆಂಡತಿ, ಒಂದೇ ಮನೆಯಲ್ಲಿ ಇದ್ದವಳು. ಚಂಪಾಬಾಯಿ ಆ ಮನೆಯ ಹಿರಿಸೊಸೆ. ಬಸದಿಯಲ್ಲಿ, ಮದುವೆಯಲ್ಲಿ, ಎಲ್ಲಿ ಹೋದರೂ ಮೊದಲ ಮಣೆ ಅವಳಿಗೆ. ಅಂಥವಳು ಮೂರನೇ ಸಾಲಿನಲ್ಲಿ ಕೂತು ಕಿರಿಯವಳ ತುರುಬು ನೋಡಬೇಕಾಗಿ ಬಂತು. ಅನ್ನ ಗಂಟಲಲ್ಲಿ ಇಳಿಯುವುದು ಹೇಗೆ?

ಅವಳೂ ಎರಡು ದಿನ ಚರಕದ ಮುಂದೆ ಕೂತು ನೋಡಿದ್ದಳು. ಸೊಂಟ ಹಿಡಿದುಕೊಂಡಿತು. ಆಮೇಲೆ ನೂಲಲು ತಂದ ಹತ್ತಿಯ ಹಂಜಿಯನ್ನೆಲ್ಲ ಖಾನಾಪುರದ ಫಕೀರವ್ವನಿಗೆ ಕೊಟ್ಟು ಕೂಲಿಗೆ ನೂಲಿಸತೊಡಗಿದಳು. ಫಕೀರವ್ವ ಕುರಿ ಸಾಕುವ ಮನೆತನದವಳು, ಹುಟ್ಟಿದಾಗಿನಿಂದ ಉಣ್ಣೆ ನೂತ ಕೈ. ಇದರಲ್ಲಿ ನಿಯಮಕ್ಕೆ ವಿರುದ್ಧವಾದದ್ದೇನೂ ಇರಲಿಲ್ಲ. ಆದರೆ ಚಂಪಾಬಾಯಿ ಸಭೆಯಲ್ಲಿ "ಎಲ್ಲಾ ನನ್ನ ಕೈಯಾಗಿಂದರೀ" ಅಂದುಬಿಟ್ಟಿದ್ದಳು. ಆಡಿದ ಮಾತನ್ನು ನುಂಗುವವಳಲ್ಲ ಅವಳು.

ಐದನೇ ತಿಂಗಳು ತಡೆಯಲಾರದೆ ರೈಲು ಹತ್ತಿ ಖಾನಾಪುರಕ್ಕೇ ಹೋದಳು. ಗಂಡನಿಗೆ ಹೇಳಿದ್ದು ಅಲ್ಲೇ ಹತ್ತಿರದ ಹಲಸಿಯ ಗುಡಿಗಳನ್ನು ನೋಡಿಬರುತ್ತೇನೆ ಎಂದು. ಫಕೀರವ್ವನ ಅಂಗಳದಲ್ಲಿ ನಿಂತು, "ಇವತ್ತಿಂದ ಕೂಲಿ ಎರಡರಷ್ಟು" ಎಂದಳು. ಫಕೀರವ್ವ ಹಿಗ್ಗಿ ಹೀರೇಕಾಯಿಯಾದಳು.

ಇಪ್ಪತ್ತು ದಿನಕ್ಕೆ ಫಕೀರವ್ವ ಗಂಟು ಹೊತ್ತು ರವಿವಾರ ಪೇಟೆಗೆ ಬಂದಳು. ಚಂಪಾಬಾಯಿ ಬಿಚ್ಚಿ ನೋಡಿದರೆ ಅದೇ ದಪ್ಪ ನೂಲು, ಆದರೆ ನಾಲ್ಕು ಸಾವಿರ ಗಜ.

"ಇಷ್ಟೆಲ್ಲಾ ಏನ್ ಮಾಡ್ಲವಾ ನಾ?"

"ಕೂಲಿ ಎರಡರಷ್ಟು ಮಾಡಿದ್ರಿ, ನೂಲೂ ಎರಡರಷ್ಟು ತಂದೀನ್ರಿ ಬಾಯಾರ."

"ನನಗ ಹೆಚ್ಚಿಂದು ಬ್ಯಾಡ, ಸಣ್ಣಂದು ಬೇಕು! ಅಕ್ಕಾತಾಯಿ ನೂಲಿಗಿಂತ ಸಣ್ಣಂದು!"

ಫಕೀರವ್ವನಿಗೆ ತಲೆಬುಡ ತಿಳಿಯಲಿಲ್ಲ. "ಇದು ಹೋಗೂದರೆ ಎಲ್ಲಿಗೆ ಅಂತ ಒಮ್ಮೆನೂ ಹೇಳಿಲ್ಲಲ್ರೀ. ಗೋಣಿಚೀಲಾ ಹೊಲಿಯಾಕ ಒಯ್ತಾರೇನೋ ಅಂದುಕೊಂಡಿದ್ನಿ."

ಸಿಟ್ಟಿನ ಭರದಲ್ಲಿ ಚಂಪಾಬಾಯಿ ಎಲ್ಲವನ್ನೂ ಒದರಿಬಿಟ್ಟಳು. ಸಭೆ, ಮಾಸ್ತರು, ಮುಂದಿನ ಚಾಪೆ. ಕೊನೆಗೆ, "ಅದೇನ್ ನ್ಯಾಯ ಅಂತೇನಿ! ಶೇಠಾಣಿಗೂ ಎರಡ ಸಾವಿರ ಗಜ, ಕುರಿ ಕಾಯಾಕಿಗೂ ಎರಡ ಸಾವಿರ ಗಜ. ನಾವೂ ನೀವೂ ಸರಿಸಮಾ ಆದಂಗಾತು!" ಎಂದಳು.

ಫಕೀರವ್ವ, "ಅಂದ್ರ ನಾ ಕೊಟ್ರೂ ತಗೋತಾರೇನ್ರೀ?" ಎಂದು ಕೇಳಿದಳು.

"ಯಾರ್ ಕೊಟ್ರೂ ತಗೋತಾರ. ಅದಕ್ಕ ಹೇಳಿದ್ದು, ನ್ಯಾಯ ಇಲ್ಲಂತ."

ಆ ತಿಂಗಳ ಸಭೆಗೆ ಚಂಪಾಬಾಯಿ ಹೋದಾಗ ಬಾಗಿಲ ಬಳಿ ಫಕೀರವ್ವ ಕೂತಿದ್ದಳು. ತೊಳೆದ ಸೀರೆ, ಮಡಿಲಲ್ಲಿ ಒಂದು ಲಡಿ. ಮಾಸ್ತರು ಅದನ್ನು ಬೆಳಕಿಗೆ ಹಿಡಿದವರು ಕೆಳಗಿಳಿಸಲೇ ಇಲ್ಲ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಎಲ್ಲಾದಕಿಂತ ಸಣ್ಣ ಐತಿ. ಯಾರ ಕೈಯಿದು?"

"ನಂದರೀ."

ಚಂಪಾಬಾಯಿ ಕತ್ತು ಚಾಚಿ ಆ ಲಡಿ ನೋಡಿದಳು. ಕೂಲಿ ಕೊಟ್ಟವಳು ತಾನು, ಹಂಜಿ ಕೊಟ್ಟವಳು ತಾನು, ಈ ಕೈ ತನಗೆ ಕೊಟ್ಟದ್ದು ಗೋಣಿದಾರ! ಎದ್ದು ನಿಂತು, "ಈಕಿ ನಮ್ಮ ಕೂಲಿಯಾಕಿ, ನನ್ನ ನೂಲು ನೂಲಾಕಿನೂ ಈಕಿನ" ಎಂದು ಕೂಗಬೇಕೆನಿಸಿತು. ಕೂಗಿದರೆ ಐದು ತಿಂಗಳ ಸುಳ್ಳು ಬಯಲಾಗುತ್ತದೆ. ಕೂತೇ ಉಳಿದಳು.

ಮಾಸ್ತರು ಅಷ್ಟಕ್ಕೇ ಬಿಡಲಿಲ್ಲ. ಚಂಪಾಬಾಯಿಯ ಲಡಿ ಎತ್ತಿ ಫಕೀರವ್ವನ ಕೈಗೆ ಕೊಟ್ಟರು. "ಇದರಾಗ ಏನ್ ತಪ್ಪೈತಿ, ನಮ್ಮ ಬಾಯಾರಿಗೆ ಸ್ವಲ್ಪ ತಿಳಿಸಿ ಹೇಳವಾ."

ಫಕೀರವ್ವ ತಾನೇ ನೂತ ನೂಲನ್ನು ಬೆರಳಲ್ಲಿ ಹೊಸೆದು ನೋಡಿದಳು.

"ತಪ್ಪೇನಿಲ್ರೀ ಮಾಸ್ತರ. ಇದು ಮಂದೀದಂತ ನೂತದ್ದು. ತನ್ನದಂತ ನೂತ್ರ ಸಣ್ಣ ಬರತೈತ್ರಿ." ಚಂಪಾಬಾಯಿಯ ಕಡೆ ನೋಡಲೂ ಇಲ್ಲ.

ಮಾನ ಉಳಿಯಿತು, ಉರಿ ಆರಲಿಲ್ಲ. ಆಗ ಚಂಪಾಬಾಯಿಗೆ ಒಂದೇ ಒಂದು ಸಮಾಧಾನ ಹೊಳೆಯಿತು. ಅಕ್ಕಾತಾಯಿಯೂ ಇವತ್ತು ಜಾಗ ಕಳೆದುಕೊಂಡಳಲ್ಲ! ಪಾಪ, ಅವಳಿಗೂ ಹೊಟ್ಟೆಯಲ್ಲಿ ಹೀಗೇ ಆಗುತ್ತಿರಬೇಕು. ಮದುವೆಯಾಗಿ ಬಂದಾಗಿನಿಂದ ಮೊದಲ ಸಲ ಆ ಕಿರಿಯವಳ ಮೇಲೆ ಪ್ರೀತಿ ಉಕ್ಕಿ, ಕತ್ತೆತ್ತಿ ಅವಳ ಮುಖ ಹುಡುಕಿದಳು.

ಅಕ್ಕಾತಾಯಿ ಆಗಲೇ ಎದ್ದು ಚಾಪೆಯ ದೂಳು ಝಾಡಿಸುತ್ತಿದ್ದಳು. "ಬಾರವಾ ಫಕೀರವ್ವಾ, ಇಲ್ಲಿ ಕುಂದರು. ಇಷ್ಟ್ ಸಣ್ಣ ಹೆಂಗ ಎಳದಿ? ನನಗ ಕಲಿಸಬೇಕು ನೋಡು." ಮುಖದ ತುಂಬ ನಗು. ಹಿಂದಕ್ಕೆ ತಿರುಗಿ, "ಅಕ್ಕಾರ, ನೀವೂ ಬರ್ರಿ. ಇಬ್ಬರೂ ಕೂಡಿ ಕಲಿಯೂಣು" ಎಂದು ಕರೆದಳು.

ಆ ಕರೆಯಲ್ಲಿ ಚುಚ್ಚು ಎಲ್ಲಿದೆ ಎಂದು ಚಂಪಾಬಾಯಿ ಹುಡುಕಿದಳು. ಇರಲಿಲ್ಲ. ಐದು ತಿಂಗಳು ಯಾರ ಮೇಲೆ ಜಿದ್ದಿಗೆ ಬಿದ್ದಿದ್ದಳೋ, ಆಕೆಗೆ ಜಿದ್ದು ನಡೆದಿದೆ ಎಂಬುದೇ ಗೊತ್ತಿರಲಿಲ್ಲ. ಜಿದ್ದಿನಲ್ಲಿ ಆಕೆಗೆ ಸೋತಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ಚಂಪಾಬಾಯಿಗೆ ಅಳು ಬಂತು.