ಸಾಕ್ಷ್ಯಕ್ಕೆ ಸೊಪ್ಪು

ಹೊಲ, ಕೊಟ್ಟಿಗೆಗಳ ಕಳ್ಳತನ ತಡೆಯಲೆಂದು ಠಾಣೆಯಲ್ಲಿ ಒಂದು ವಿಶೇಷ ದಳ ಹುಟ್ಟಿಕೊಂಡಿತ್ತು. ದಳವೆಂದರೆ ಒಬ್ಬ ಇನ್ಸ್‌ಪೆಕ್ಟರು, ಒಬ್ಬ ಮುಖ್ಯಪೇದೆ, ಒಂದು ಹೊಸ ಜೀಪು. ಮಣ್ಣು ಮೆತ್ತಿಕೊಂಡೀತೆಂದು ಜೀಪು ಡಾಂಬರು ರಸ್ತೆ ಬಿಟ್ಟು ಇಳಿಯುತ್ತಿರಲಿಲ್ಲ. ಕಳ್ಳರೂ ಸಂಭಾವಿತರು, ಡಾಂಬರು ರಸ್ತೆಗೆ ಬರುತ್ತಿರಲಿಲ್ಲ. ಹೀಗೆ ಎರಡೂ ಕಡೆಯವರ ಸಂಸಾರ ಸುಗಮವಾಗಿ ಸಾಗಿತ್ತು.

ಅಷ್ಟರಲ್ಲಿ ಕುರಿಯಮ್ಮನ ಹನ್ನೊಂದು ಕುರಿಗಳು ಹಾಡಹಗಲೇ ಮಾಯವಾದವು. ಊರವರು ಆಕೆಯನ್ನು ಕರೆಯುತ್ತಿದ್ದುದೇ ಹಾಗೆ. ಗಂಡ ಹೋದ ಮೇಲೆ ಆಕೆಗೆ ಉಳಿದಿದ್ದ ಬಂಧುಬಳಗವೆಂದರೆ ಆ ಕುರಿಗಳೇ. ದೂರು ಕೊಡಲು ಹೋದರೆ ಮುಖ್ಯಪೇದೆ ವಾಹನ ಕಳವಿನ ನಮೂನೆ ತೆಗೆದು ಕೂತ.

“ನೋಂದಣಿ ಸಂಖ್ಯೆ ಏನಮ್ಮ?”

“ಒಂದಕ್ಕೆ ಎಡಗಿವಿ ಸೀಳಿದೆ ಸಾರ್. ಇನ್ನೊಂದು ಕರೆದ್ರೆ ಮೊದ್ಲು ಮುಖ ತಿರುಗಿಸ್ಕೊಳ್ಳತ್ತೆ, ಆಮೇಲೆ ಬರತ್ತೆ.”

ಪೇದೆ ‘ಸಂಖ್ಯೆ ಇಲ್ಲ’ ಎಂದು ಬರೆದುಕೊಂಡ.

ನಾಲ್ಕನೆಯ ದಿನ ಕಳ್ಳರ ವ್ಯಾನು ಠಾಣೆಯ ಎದುರಿಗೇ ಕೆಟ್ಟು ನಿಂತಿತು. ಚಾಲಕ ಓಡಿಹೋದ. ದಾರಿಗೆ ಅಡ್ಡವೆಂದು ಗಾಡಿ ತಳ್ಳಲು ಹೋದ ದಳಕ್ಕೆ ಒಳಗಿನಿಂದ ಬ್ಯಾ ಎಂಬ ಸುಳಿವು ಸಿಕ್ಕಿತು. ಇದನ್ನೇ ಇನ್ಸ್‌ಪೆಕ್ಟರು ವರದಿಯಲ್ಲಿ ‘ಚಾಣಾಕ್ಷ ಕಾರ್ಯಾಚರಣೆ’ ಎಂದರು.

ಸುದ್ದಿ ಕೇಳಿ ಕುರಿಯಮ್ಮನಿಗೆ ಹೋದ ಜೀವ ಬಂದಂತಾಯಿತು. ಎದ್ದೆನೋ ಬಿದ್ದೆನೋ ಎಂದು ಓಡಿಬಂದಳು.

“ಮುಟ್ಟಬೇಡಮ್ಮ! ಅದು ಸಾಕ್ಷ್ಯ,” ಎಂದರು ಇನ್ಸ್‌ಪೆಕ್ಟರು.

“ಸಾಕ್ಷ್ಯ ಅಲ್ಲ ಸಾರ್, ಕುರಿ.”

“ಬೆಳಗ್ಗೆ ತನಕ ಕುರಿ. ಈಗ ಸಾಕ್ಷ್ಯ. ಕೋರ್ಟು ಹೇಳೋ ತನಕ ಇಲ್ಲೇ ಇರಬೇಕು.”

“ಯಾವಾಗ ಹೇಳತ್ತೆ ಸಾರ್?”

ಅವರು ಕುರಿಗಳನ್ನು ಠಾಣೆಯ ಹಿತ್ತಲಿಗೆ ಹೊಡೆಸಿದರು. ಅಲ್ಲಿ ಕೋರ್ಟಿಗಾಗಿ ಕಾಯುತ್ತಿದ್ದ ಬೈಕುಗಳು ತುಕ್ಕು ತಿಂದು, ಚಕ್ರದೊಳಗೆ ಬಳ್ಳಿ ಹಬ್ಬಿಸಿಕೊಂಡಿದ್ದವು. ಆಕೆ ಒಮ್ಮೆ ಬಳ್ಳಿಯನ್ನೂ ಒಮ್ಮೆ ಕುರಿಗಳನ್ನೂ ನೋಡಿದಳು.

ಸಾಕ್ಷ್ಯದ ಊಟದ ಬಗ್ಗೆ ನಿಯಮಾವಳಿಯಲ್ಲಿ ಚಕಾರವಿರಲಿಲ್ಲ. ಆದ್ದರಿಂದ ದಳವು ದೊಡ್ಡ ಮನಸ್ಸು ಮಾಡಿ, ಸೊಪ್ಪು ಹೊತ್ತು ತರಲು ಆಕೆಗೇ ಅಪ್ಪಣೆ ಕೊಟ್ಟಿತು. ದಿನಾ ಒಂದು ಗಂಟೆ ನಡೆದು ಬರುತ್ತಿದ್ದಳು. ಆದರೂ ಸಿಮೆಂಟು ನೆಲದ ಮೇಲೆ ಕುರಿಗಳು ಸೊರಗಿ ಪಕ್ಕೆಲುಬು ಬಿಟ್ಟವು.

ಹದಿನಾರನೆಯ ದಿನ ಎರಡು ಬೈಕುಗಳ ನಡುವೆ ಒಂದು ಕುರಿ ಮರಿ ಹಾಕಿತು. ಮುಖ್ಯಪೇದೆ ಎಣಿಸಿದ, ಮತ್ತೆ ಎಣಿಸಿದ, ತಲೆ ಕೆರೆದುಕೊಂಡ.

“ಪಟ್ಟೀಲಿ ಹನ್ನೊಂದೇ ಇದೆ. ಹನ್ನೆರಡನೇದು ಎಲ್ಲಿಂದ ಬಂತು?” ಇನ್ಸ್‌ಪೆಕ್ಟರು ಗುಡುಗಿದರು.

“ಎಲ್ಲಾ ಬರೋ ಕಡೆಯಿಂದಲೇ ಬಂತು ಸಾರ್,” ಎಂದಳು ಕುರಿಯಮ್ಮ.

“ಅದರ ಬಗ್ಗೆ ದೂರಿಲ್ಲ. ಎತ್ಕೊಂಡು ಹೋಗು.”

“ಹಾಲು ಕುಡಿಯೋ ಮರಿ. ಇದರ ತಾಯಿ?”

“ತಾಯಿ ಸಾಕ್ಷ್ಯ.” ಅವರೂ ಮುಖ್ಯಪೇದೆಯೂ ಚಹಾ ಕುಡಿಯಲು ಒಳಗೆ ಹೋದರು.

ಈದ ಕುರಿಯನ್ನು ನಡೆಸಲು ಹಗ್ಗ ಬೇಡ. ಮರಿಯನ್ನು ತಾಯಿಯ ಮೂಗಿನ ಮಟ್ಟಕ್ಕೆ ಹಿಡಿದು ಮುಂದೆ ನಡೆದರೆ ಸಾಕು, ಎಲ್ಲಿಗಾದರೂ ಬರುತ್ತದೆ. ಕುರಿ ಕಾಯುವವರೆಲ್ಲ ಬಲ್ಲ ಈ ಕೆಲಸವನ್ನು ವಿಶೇಷ ದಳ ಮಾತ್ರ ಅರಿಯದು. ಕುರಿಯಮ್ಮ ನಡು ಬಗ್ಗಿಸಿ, ಮರಿಯನ್ನು ತಗ್ಗಿಸಿ ಹಿಡಿದು, ಗೇಟು ದಾಟಿದಳು. ತಾಯಿ ಹಿಂದೆ ನಡೆಯಿತು. ತಾಯಿಯ ಹಿಂದೆ ಉಳಿದ ಹತ್ತೂ ನಡೆದವು. ಆಕೆ ಹಿಂತಿರುಗಿ ನೋಡಲಿಲ್ಲ.

ಅಂದು ಜೀಪು ಮೊದಲ ಸಲ ಮಣ್ಣಿಗಿಳಿಯಿತು. ಹತ್ತೇ ನಿಮಿಷದಲ್ಲಿ ಕಳ್ಳಿ ಸಿಕ್ಕಿಬಿದ್ದಳು. ಠಾಣೆಯಿಂದ ಸಾಕ್ಷ್ಯ ಕದ್ದ ಅಪರಾಧ! ಸಂಜೆಗೆ ಆಕೆಯನ್ನು ಬಿಟ್ಟರು, ಕುರಿಗಳನ್ನು ಬಿಡಲಿಲ್ಲ. ಕದ್ದ ಮಾಲಿನಲ್ಲಿ ಮರಿಯೂ ಇದ್ದುದರಿಂದ ಪಟ್ಟಿಗೆ ಹನ್ನೆರಡನೆಯದಾಗಿ ಸೇರಿತು. ಮುಖ್ಯಪೇದೆಗೆ ನೆಮ್ಮದಿಯಾಯಿತು.

ಮರುದಿನ ಆಕೆ ಸೊಪ್ಪಿನ ಹೊರೆ ಹೊತ್ತು ಬಂದಾಗ ಗೇಟು ತೆರೆಯಲಿಲ್ಲ.

“ಆರೋಪಿ ಸಾಕ್ಷ್ಯದ ಹತ್ತಿರ ಬರೋ ಹಾಗಿಲ್ಲ,” ಎಂದರು ಇನ್ಸ್‌ಪೆಕ್ಟರು.

“ನಾನು ಬರಲ್ಲ ಸಾರ್. ಸೊಪ್ಪು ನೀವೇ ಹಾಕಿ.”

“ಆರೋಪಿ ಕೊಟ್ಟಿದ್ದನ್ನ ಸಾಕ್ಷ್ಯಕ್ಕೆ ತಿನ್ನಿಸೋದಾ? ನಾಳೆ ಏನಾದ್ರೂ ಆದ್ರೆ?”

ಕುರಿಯಮ್ಮ ಗೋಡೆಯಾಚೆ ನಿಂತು ಒಂದೊಂದನ್ನೇ ಕರೆದಳು, ಅತ್ತಳು. ದಿನಾ ಬಂದು ಕರೆದಳು. ಮೊದಲ ದಿನ ಹನ್ನೆರಡೂ ಓಗೊಟ್ಟವು. ಐದನೆಯ ದಿನ ಓಗೊಟ್ಟವು ಒಂಬತ್ತು. ಅದರಲ್ಲಿ ಮರಿಯ ದನಿ ಇರಲಿಲ್ಲ.