ಟೀಚರ್ ಕೂತ ಮೇಲೆ ಊಟ

ನಾಲ್ಕನೇ ತರಗತಿಯ ಮಕ್ಕಳು ಅಷ್ಟು ಸಭ್ಯರಾಗಿರುವುದನ್ನು ಕಂಡು ಚಿಜುರುವಿಗೆ ಬೆಳಗಿನಿಂದಲೂ ಅಳುಕು. ಯಾರೂ ಕಿಟಕಿಯಾಚೆ ನೋಡಲಿಲ್ಲ, ಪಕ್ಕದವರನ್ನು ಚಿವುಟಲಿಲ್ಲ. ಭಾಗಾಕಾರದಲ್ಲಿ ಅವಳೇ ಎಡವಿದಾಗಲೂ ಯಾರೂ ನಗಲಿಲ್ಲ.

ಅವಳ ಬಳಿ ಶಿಕ್ಷಕಿಯ ಪರವಾನಗಿ ಇತ್ತು, ಪಾಠ ಮಾಡಿದ ಅನುಭವ ಇರಲಿಲ್ಲ. ಇಂಥವರಿಗೆ ಜನ ‘ಕಾಗದದ ಟೀಚರ್’ ಎನ್ನುತ್ತಾರೆ. ಕಾಲೇಜು ಮುಗಿದ ವರ್ಷವೇ ಮದುವೆಯಾಗಿ, ಬಿಸಿನೀರಿನ ಬುಗ್ಗೆಯ ಪಕ್ಕದಲ್ಲಿದ್ದ ಗಂಡನ ಮನೆಯವರ ವಸತಿಗೃಹದಲ್ಲಿ ಅತಿಥಿಗಳಿಗೆ ಬಡಿಸುತ್ತಲೇ ಅವಳ ಕೂದಲು ನರೆತಿತ್ತು. ಈ ತರಗತಿಯ ಟೀಚರ್ ಹೆರಿಗೆ ರಜೆಗೆ ಹೋದ ಮೇಲೆ ಜಿಲ್ಲೆಯೆಲ್ಲ ಹುಡುಕಿದರೂ ಪರವಾನಗಿ ಇದ್ದವರು ಸಿಗದೆ, ಉಪಮುಖ್ಯೋಪಾಧ್ಯಾಯ ಹಿರಾಯಿವಾ ಕೊನೆಗೆ ಅವಳ ಬಾಗಿಲಿಗೆ ಬಂದಿದ್ದರು.

“ಒಂದು ದಿನ ನಿಂತು ನೋಡಿ ಚಿಜುರು ಅವ್ರೇ. ಸಂಜೆ ನೀವು ಆಗಲ್ಲ ಅಂದ್ರೆ, ಸೋಮವಾರದಿಂದ ಈ ಮಕ್ಕಳನ್ನ ಐದನೇ ಕ್ಲಾಸಿನ ಹಿಂದೆ ಕೂರಿಸ್ಬೇಕು. ನಾನು ಪಾಠ ಶುರು ಮಾಡಿದ್ರೆ ಫೋನ್ ಹೊಡ್ಕೊಳ್ಳುತ್ತೆ, ಫೋನ್ ಎತ್ತಿದ್ರೆ ಇವ್ರು ಹೊಡ್ಕೊಳ್ತಾರೆ!”

ಅತ್ತೆ ಮಾತ್ರ ಮೂಗು ಮುರಿದಿದ್ದರು. “ಅತಿಥಿಗಳ ಮುಂದೆ ಬಗ್ಗಿ ಬಗ್ಗಿ ಬದುಕಿದೋಳು. ಮಕ್ಕಳ ಮುಂದೆ ನೆಟ್ಟಗೆ ನಿಲ್ತೀಯೇನೇ?”

ಊಟದ ಹೊತ್ತಾಯಿತು. ಬಿಳಿ ಟೋಪಿ ಹಾಕಿಕೊಂಡ ಮಕ್ಕಳೇ ಅನ್ನ, ಹುದುಗಿಸಿದ ಸೋಯಾದ ಮಿಸೋ ಸಾರು, ಹುರಿದ ಬಂಗುಡೆ ಮೀನು ಬಡಿಸಿ, ಹಾಲು ಹಂಚಿದರು. ಚಿಜುರುವಿನ ತಟ್ಟೆಯನ್ನೂ ಮೇಜಿನ ಮೇಲಿಟ್ಟರು. ಅವಳಿಗೋ ಕೈ ಸುಮ್ಮನಿರಲೊಲ್ಲದು. ಒಬ್ಬನ ಊಟದ ಕಡ್ಡಿ ಸರಿಪಡಿಸಿದಳು, ಚೆಲ್ಲಿದ ಹಾಲು ಒರೆಸಿದಳು, ಸಾಲುಸಾಲಾಗಿ “ಸಾಕಾ? ಸ್ವಲ್ಪ ಹಾಕ್ಲಾ?” ಎಂದು ಬಗ್ಗಿ ಕೇಳುತ್ತ ಹೋದಳು. ಒಬ್ಬರೂ ತುತ್ತೆತ್ತಲಿಲ್ಲ. ಎಲ್ಲರ ಕಣ್ಣೂ ಅವಳ ಮೇಲೆಯೇ. ನನ್ನಿಂದೇನು ತಪ್ಪಾಯಿತು ಎಂದು ಅವಳು ತಟ್ಟೆಗಳನ್ನೆಲ್ಲ ಮತ್ತೊಮ್ಮೆ ನೋಡಿದಳು.

ಆ ದಿನ ತರಗತಿಯ ಉಸ್ತುವಾರಿಯ ಸರದಿಯಿದ್ದ ಹುಡುಗಿ ನಾಗಿಸಾ ಎದ್ದು ನಿಂತಳು. “ಟೀಚರ್, ಕೂತ್ಕೊಳ್ಳಿ. ನೀವು ಕೂತ ಮೇಲೇನೇ ಎಲ್ರೂ ಕೈಮುಗಿದು ತಿನ್ನೋದು.”

“ಮೊದ್ಲು ನಿಮ್ದಾಗ್ಲಿ, ನಾನು ಆಮೇಲೆ...”

“ಆಮೇಲೆ ಅಂದ್ರೆ ಯಾವಾಗ? ಸಾರು ತಣ್ಣಗಾಗೋಯ್ತು!” ತೈಗಾ ಎಂಬ ಹುಡುಗನ ತಾಳ್ಮೆ ಕೆಟ್ಟಿತು. “ನಾವೇನು ಗಿರಾಕಿಗಳಾ?”

“ಸುಮ್ನಿರೋ!” ನಾಗಿಸಾ ಹಲ್ಲು ಕಚ್ಚಿದಳು. “ಇವತ್ತೊಂದಿನ ಗಲಾಟೆ ಬೇಡ ಅಂತ ಮಾತಾಡ್ಕೊಂಡಿದ್ವಲ್ಲ? ಟೀಚರ್ ಹೆದ್ರಿ ಓಡೋದ್ರೆ?”

ಚಿಜುರುವಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಗು ತಡೆಯಲಾಗಲಿಲ್ಲ. ಬೆಳಗಿನಿಂದ ತಾನು ಇವರಿಗೆ ಹೆದರಿದ್ದಳು, ತಾನೆಲ್ಲಿ ಓಡಿಹೋಗುತ್ತಾಳೋ ಎಂದು ಇವರು ಹೆದರಿದ್ದರು!

ಅವಳು ಕುರ್ಚಿ ಎಳೆದು ಕುಳಿತಳು. ಅಂಗೈ ಜೋಡಿಸಿದಳು. ಮಕ್ಕಳು ಒಕ್ಕೊರಲಿನಿಂದ ಊಟಕ್ಕೆ ವಂದಿಸಿದ್ದೇ ತಡ, ಕಟ್ಟೆಯೊಡೆದಂತೆ ಮಾತು ಶುರುವಾಯಿತು. ಬೇರೆಯವರ ಊಟ ಮುಗಿಯಲೆಂದು ಕಾಯದೆ ಎಲ್ಲರೊಡನೆ ತುತ್ತೆತ್ತಿ ಅವಳಿಗೆ ಎಷ್ಟು ಕಾಲವಾಗಿತ್ತೋ. ತಣ್ಣಗಾಗಿದ್ದರೂ ಸಾರು ರುಚಿಯಾಗಿತ್ತು.

ಟೀಚರ್ ಇಲ್ಲದ ಇಷ್ಟು ದಿನ ಈ ಮಕ್ಕಳೊಡನೆಯೇ ಉಣ್ಣುತ್ತಿದ್ದ ಅಭ್ಯಾಸಬಲದಿಂದ ಹಿರಾಯಿವಾ ತಮ್ಮ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. “ಅರೆ, ನನ್ನ ಜಾಗ?”

“ಭರ್ತಿ ಆಯ್ತು ಸಾರ್,” ಎಂದ ತೈಗಾ. “ಆಫೀಸಲ್ಲಿ ತಿನ್ನಿ.”

ಹಿರಾಯಿವಾ ಚಿಜುರುವಿನ ಮುಖ ನೋಡಿದರು. ಸಂಜೆಯ ಉತ್ತರವನ್ನು ಈಗಲೇ ಕೇಳಲು ಅವರಿಗೆ ಧೈರ್ಯವಿರಲಿಲ್ಲ.

“ಸೋಮವಾರವೂ ಅಲ್ಲೇ ತಿನ್ನಿ ಸಾರ್,” ಎಂದಳು ಚಿಜುರು, ಬಾಯಲ್ಲಿ ಮೀನಿದ್ದಂತೆಯೇ.

ಅಷ್ಟರಲ್ಲಿ ಮಿಕ್ಕ ಒಂದು ಬಂಗುಡೆಗಾಗಿ ಹಿಂದಿನ ಸಾಲಿನಲ್ಲಿ ಜಗಳ ಹತ್ತಿತ್ತು. ಬಿಡಿಸಲು ಅವಳೇ ಎದ್ದಳು.