ಚರಂಡಿಯಲ್ಲಿ ನಿಂತ ಬೇವಿನ ಕೊಂಬೆ

ಅಶೋಕಪುರಂನ ಆ ಓಣಿಯಲ್ಲಿ ಸಿದ್ದಲಿಂಗಮ್ಮನ ಮನೆಗೆ ಹೋಗಬೇಕಾದರೆ ಚರಂಡಿ ದಾಟಬೇಕು. ದಾಟುವುದಕ್ಕೆ ಒಂದು ಕಲ್ಲು ಚಪ್ಪಡಿ ಇತ್ತು. ಪಕ್ಕದಲ್ಲಿ ಏಳುತ್ತಿದ್ದ ಹೊಸ ಮನೆಗೆ ಮರಳು ತಂದ ಲಾರಿ ಹಿಂದಕ್ಕೆ ಬರುವಾಗ ಅದರ ಮೇಲೆ ಹತ್ತಿತು. ಚಪ್ಪಡಿ ಮುರಿದು ಅರ್ಧ ಚರಂಡಿಗೆ ಬಿತ್ತು. ಉಳಿದ ಅರ್ಧದ ಮೇಲೆ ಒಂದು ಪಾದ ಇಡಬಹುದಿತ್ತು, ಅದೂ ದೇವರ ಮೇಲೆ ಭಾರ ಹಾಕಿ.

ಬೇರೆ ಸಮಯವಾಗಿದ್ದರೆ ಹಾರಿಕೊಂಡೇ ಕಾಲ ಹಾಕುತ್ತಿದ್ದರೇನೋ. ಆದರೆ ಮಗಳು ರಕ್ಷಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ತುಂಬಿದ ಬಸುರಿ ಚರಂಡಿ ಹಾರುವುದುಂಟೆ? ಸಿದ್ದಲಿಂಗಮ್ಮ ಮೊದಲೇ ಹಾಲು ಉಕ್ಕುವುದಕ್ಕೆ ಮುಂಚೆ ಉಕ್ಕಿತೆಂದು ಓಡುವ ಹೆಂಗಸು. ಈಗ ಕಿಟಕಿಯ ಬಳಿ ಕುಳಿತು, ಓಣಿಯಲ್ಲಿ ಹೋಗುವವರ ಮುಖ ಬಿಟ್ಟು ಕಾಲುಗಳನ್ನೇ ನೋಡತೊಡಗಿದಳು.

"ಏನ್ರೀ, ಯಾರಿಗಾದ್ರೂ ಹೇಳ್ರೀ" ಎಂದು ಗಂಡನ ಬೆನ್ನು ಹತ್ತಿದಳು.

ಗಂಡ ಕಾಳಯ್ಯ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ಅವನಿಗೆ ಒಂದೇ ಸಿದ್ಧಾಂತ. "ಚಿಕ್ಕೋರಿಗೆ ಹೇಳಿದ್ರೆ ಕೆಲ್ಸ ಆಗಲ್ಲ ಕಣಮ್ಮಿ. ಮೇಲಿನೋರಿಗೇ ಹೇಳ್ಬೇಕು. ಮೇಲಿಂದ ಒಂದು ಫೋನ್ ಬಂತು ಅಂದ್ರೆ ಕೆಳಗಿರೋರೆಲ್ಲ ಎದ್ದೂ ಬಿದ್ದೂ ಬತ್ತಾರೆ."

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಓಣಿಯ ತುದಿಯಲ್ಲೇ ಕರೆಂಟಿನ ಲೈನ್‌ಮನ್ ಸಿಕ್ಕ. ಮುರಿದ ಚಪ್ಪಡಿ ಕರೆಂಟು ಕಂಬದ ಬುಡದಲ್ಲೇ ಇದ್ದುದರಿಂದ ಅದು ಅವನದೇ ಎಂದು ಕಾಳಯ್ಯ ವಾದಿಸಿದ.

"ಕಂಬ ನಮ್ದು ಯಜಮಾನ್ರೇ, ಕಲ್ಲು ನಮ್ದಲ್ಲ" ಎಂದ ಲೈನ್‌ಮನ್.

ಮುಂದೆ ಸರ್ಕಲ್‌ನಲ್ಲಿ ಟ್ರಾಫಿಕ್ ಪೊಲೀಸರಿಗೆ ಹೇಳಿದ. ಅವರು ಸೀಟಿ ಬಾಯಿಂದ ತೆಗೆಯದೆ ತಲೆಯಾಡಿಸಿದರು. ಅದು ಹೌದೋ ಅಲ್ಲವೋ ಗೊತ್ತಾಗಲಿಲ್ಲ. ಕೊನೆಗೆ ಜಿಲ್ಲಾಧಿಕಾರಿಗಳ ಕಚೇರಿಗೇ ಹೋದ. ಅಲ್ಲಿದ್ದವರು ಕೂರಿಸಿ, ಮಾತು ಕೇಳಿ, "ಇದು ಪಾಲಿಕೆಯ ಕೆಲಸ, ನಿಮ್ಮ ವಲಯ ಕಚೇರಿಗೆ ಹೋಗಿ" ಎಂದು ಹೇಳಿ ಕಳಿಸಿದರು. ಕಾಳಯ್ಯನಿಗೆ ಅದು ದೊಡ್ಡ ಅವಮಾನ.

"ಡಿಸಿ ಆಫೀಸ್ಗಂಟ ಹತ್ತಿದೋನ್ನ ಕೆಳಕ್ಕೆ ಇಳಿ ಅಂತಾರಲ್ಲ" ಎಂದು ಗೊಣಗುತ್ತಾ ಮನೆಗೆ ಬಂದ. "ಇರ್ಲಿ, ಇನ್ನು ಡೆಲ್ಲಿಗೇ ಬರೀತೀನಿ."

ಡೆಲ್ಲಿಯ ದಾರಿ ಕಾಯುವಷ್ಟರಲ್ಲಿ ಹಿಂದಿನ ಮನೆಯ ಸಣ್ಣಯ್ಯನ ಸೈಕಲ್ ಚಕ್ರ ಚರಂಡಿಗೆ ಇಳಿಯಿತು. ಮನುಷ್ಯ ಉಳಿದ, ತರಕಾರಿ ಹೋಯಿತು. ಸಿದ್ದಲಿಂಗಮ್ಮನಿಗೆ ತಡೆಯಲಾಗಲಿಲ್ಲ. ಅಂದೇ ಸಂಜೆ ಒಂದು ಬೇವಿನ ಕೊಂಬೆ ಮುರಿದು ತಂದು ಚಪ್ಪಡಿ ಬಿದ್ದ ಗುಂಡಿಗೆ ನೆಟ್ಟಳು. ದೂರಕ್ಕೆ ಕಾಣಲೆಂದು ಒಂದು ಕೆಂಪು ಬಟ್ಟೆ ಕಟ್ಟಿದಳು. ಕೈಗೆ ಸಿಕ್ಕ ಕೆಂಪು ಬಟ್ಟೆ ಅದೊಂದೇ. ಎಲ್ಲಿಯದೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಮೂಲೆಮನೆಯ ಪ್ರೇಮಮ್ಮ ಆ ದಾರಿಯಲ್ಲಿ ಬಂದರು. ಬೇವು, ಮೇಲೆ ಕೆಂಪು ವಸ್ತ್ರ. ಚಪ್ಪಲಿ ಬಿಟ್ಟು, ಮನೆಗೆ ಹೋಗಿ ಅರಿಶಿನ ಕುಂಕುಮ ತಂದು ಹಚ್ಚಿದರು. ಶುಕ್ರವಾರದ ಹೊತ್ತಿಗೆ ಹೂವಿನ ಹಾರ ಬಂತು. ಮರುವಾರ ನಿಂಬೆಹಣ್ಣು, ದೀಪ. ಪಕ್ಕದ ಬೀದಿಯವರೂ ಬರತೊಡಗಿದರು. ಕಾಳಯ್ಯನೂ ಹೊರಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕೈಮುಗಿಯತೊಡಗಿದ. "ನಮ್ಮ ಬಾಗಲಿಗೇ ಬಂದವ್ಳೆ ನೋಡಮ್ಮಿ ತಾಯಿ."

ನೆಟ್ಟವಳು ತಾನೆಂದು ಸಿದ್ದಲಿಂಗಮ್ಮ ಹೇಗೆ ಹೇಳುವುದು? ಅಲ್ಲದೆ ದೇವರ ಭಯದಿಂದಲಾದರೂ ಜನ ಗುಂಡಿಯಿಂದ ದೂರ ನಡೆಯುತ್ತಿದ್ದರು.

ಅಷ್ಟರಲ್ಲಿ ರಕ್ಷಿತಾಳ ಫೋನ್ ಬಂತು. "ಅಮ್ಮಾ, ಭಾನುವಾರ ಬರ್ತಿದೀನಿ."

ಸಿದ್ದಲಿಂಗಮ್ಮ ಫೋನ್ ಇಟ್ಟವಳೇ ಹೊರಬಿದ್ದಳು. ನೇರ ಎದುರುಮನೆಗೆ ಹೋಗಿ ಸೆಲಿನಾ ಮಿಸ್ಸನ್ನು ಕರೆತಂದಳು. ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಕಲಿಸುವವರು, ರಕ್ಷಿತಾಗೂ ಕಲಿಸಿದವರು. ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಕಾಳಯ್ಯ ತನ್ನ ಅಲೆದಾಟವನ್ನೆಲ್ಲ ಒಪ್ಪಿಸಿದ್ದ.

"ಎಲ್ಲಾ ಒಂದೇ ಸರ್ಕಾರ ತಾನೇ ಮಿಸ್? ಒಬ್ರಿಗೆ ಹೇಳಿದ್ರೆ ಎಲ್ರಿಗೂ ಹೇಳ್ದಂಗಲ್ವಾ?"

"ಕಾಳಯ್ಯಣ್ಣ, ರಕ್ಷಿತಾ ಮದುವೇಲಿ ಸಾಂಬಾರ್ ಉಪ್ಪಾಗಿತ್ತಲ್ಲ, ಯಾರಿಗೆ ಹೇಳಿದ್ರಿ?"

"ಅಡುಗೆಯೋರಿಗೆ."

"ಓಲಗದವರಿಗೆ ಯಾಕೆ ಹೇಳ್ಲಿಲ್ಲ?"

"ಅವ್ರಿಗ್ಯಾಕೆ ಹೇಳಾನ?"

"ಅವರೂ ಅದೇ ಮದುವೆಗೆ ಬಂದವರೇ ಅಲ್ವಾ?"

ಕಾಳಯ್ಯ ಕಾಫಿ ಲೋಟದೊಳಗೆ ಇಣುಕಿ ನೋಡಿದ.

"ಊರು ನಡೆಸೋದೂ ಹಾಗೇನೇ. ಯಾರ ಕೆಲಸ ಯಾರದು ಅಂತ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ಬರೆದಿದೆ" ಎಂದರು ಸೆಲಿನಾ. "ಮದುವೆಗೆ ಎಷ್ಟು ಖರ್ಚು, ಏನೇನು ಮಾಡೋದು ಅಂತ ಹಿರಿಯರು ಕೂತು ತೀರ್ಮಾನ ಮಾಡ್ತಾರಲ್ಲ, ಹಾಗೆ ನಾವು ವೋಟ್ ಹಾಕಿ ಕಳಿಸೋ ಸದಸ್ಯರು, ಅವರಿಗೊಬ್ಬರು ಮೇಯರ್. ಅವಧಿ ಮುಗಿದು ಚುನಾವಣೆ ಆಗದೆ ಇದ್ರೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಆ ಜಾಗದಲ್ಲಿರ್ತಾರೆ. ತೀರ್ಮಾನ ಆದದ್ದನ್ನ ಮಾಡಿಸೋರು ಕಮಿಷನರ್. ಅವರ ಕೆಳಗೆ ಒಂದೊಂದು ಕೆಲಸಕ್ಕೆ ಒಂದೊಂದು ವಿಭಾಗ. ಕಸ, ಸೊಳ್ಳೆ ಆರೋಗ್ಯ ವಿಭಾಗಕ್ಕೆ. ಮನೆ ತೆರಿಗೆ, ಖಾತೆ ಕಂದಾಯಕ್ಕೆ. ರಸ್ತೆ, ಚರಂಡಿ, ಅದರ ಚಪ್ಪಡಿ ಎಂಜಿನಿಯರ್‌ಗಳಿಗೆ."

"ಅವ್ರು ಮನಸ್ಸು ಮಾಡ್ಬೇಕಲ್ಲ. ನಾವು ಕೈಕಾಲು ಹಿಡೀಬೇಕು."

"ಬೇಡ. ಪಾಲಿಕೆ ಮಾಡಲೇಬೇಕಾದ ಕೆಲಸ ಬೇರೆ, ಮಾಡಬಹುದಾದ ಕೆಲಸ ಬೇರೆ ಅಂತ ಕಾಯ್ದೆಯೇ ವಿಂಗಡಿಸಿದೆ. ಚರಂಡಿ ಮಾಡಲೇಬೇಕಾದ್ದರಲ್ಲಿ ಬರುತ್ತೆ. ಅದು ದಯೆ ಅಲ್ಲ ಕಣಣ್ಣ, ಕರ್ತವ್ಯ. ಎಲ್ಲರೂ ದೊಡ್ಡ ಆಫೀಸಿಗೆ ಅಲೀಬಾರದು ಅಂತಲೇ ವಲಯ ಕಚೇರಿ ಇರೋದು."

"ಅದು ಇಲ್ಲೇ ಐತೆ ಬುಡಿ ಮಿಸ್. ದಿನಾ ವಾಕಿಂಗ್ ಹೋಗ್ತಾ ನೋಡ್ತೀನಿ. ಅಷ್ಟು ಹತ್ರ ಇರೋದು ಎಂಗೆ ದೊಡ್ಡ ಆಫೀಸಾಗುತ್ತೆ?"

"ಹತ್ರ ಇರೋದಕ್ಕೇ ಅದು ನಿಮ್ಮದು."

ಕಾಳಯ್ಯ ಅಂಗಿಗೆ ಇಸ್ತ್ರಿ ಕೂಡ ಹಾಕದೆ ಎದ್ದು ವಲಯ ಕಚೇರಿಗೆ ಹೋದದ್ದನ್ನು ಸಿದ್ದಲಿಂಗಮ್ಮ ಗಮನಿಸಿದಳು. ವಾರ್ಡ್ ಸಂಖ್ಯೆ, ಬೀದಿ, ಗುರುತಿಗೆ ಕಂಬ, ಮೊಬೈಲಿನಲ್ಲಿ ತೆಗೆದ ಗುಂಡಿಯ ಚಿತ್ರ, ಎಲ್ಲ ಕೊಟ್ಟು ದೂರಿನ ಸಂಖ್ಯೆ ಪಡೆದು ಬಂದ.

ಶನಿವಾರ ಬೆಳಿಗ್ಗೆ ಎಂಜಿನಿಯರ್ ಹೇಮಶ್ರೀ ಕೆಲಸದವರೊಂದಿಗೆ, ಹೊಸ ಚಪ್ಪಡಿ ಹೇರಿದ ಗಾಡಿಯೊಂದಿಗೆ ಬಂದೇಬಿಟ್ಟರು. ಗಾಡಿಯಿಂದ ಧುಮುಕಿದ ಕೆಲಸದವರು ಗುಂಡಿಯ ಹತ್ತಿರ ಬಂದು ನಿಂತರು. ಹಾರ, ನಿಂಬೆಹಣ್ಣು, ಉರಿಯುತ್ತಿದ್ದ ದೀಪ. ಗುದ್ದಲಿ ಕೆಳಗಿಟ್ಟು ಕೈಮುಗಿದರು.

"ಇದನ್ನ ನಾವು ಮುಟ್ಟಲ್ಲ ಮೇಡಂ."

"ಮುಟ್ಟಿ ನೋಡಿ, ಗೊತ್ತಾಯ್ತದೆ" ಎಂದು ಪ್ರೇಮಮ್ಮ ಸೆರಗು ಸಿಕ್ಕಿಸಿ ಅಡ್ಡ ನಿಂತರು. "ಬೇವಲ್ಲಿ ಅಮ್ಮ ಕೂತವ್ಳೆ."

ಹೇಮಶ್ರೀ ತಲೆ ಕೆರೆದುಕೊಂಡರು. "ಚರಂಡಿ ನಮ್ಮ ವಿಭಾಗದ್ದು ನಿಜ. ದೇವಸ್ಥಾನ ನಮ್ಮದಲ್ಲವಲ್ಲ."

ಕೆಲಸದವರು ಚಪ್ಪಡಿಯನ್ನು ಮತ್ತೆ ಗಾಡಿಗೆ ಸರಿಸತೊಡಗಿದರು. ನಾಳೆ ಭಾನುವಾರ. ಸಿದ್ದಲಿಂಗಮ್ಮನ ಕಣ್ಣಿಗೆ ಮಗಳ ಊದಿದ ಪಾದ ಆ ಮುರುಕು ಕಲ್ಲಿನ ಮೇಲೆ ಜಾರಿದಂತೆಯೇ ಕಂಡಿತು. ನಾಚಿಕೆ ನುಂಗಿಕೊಂಡು ಮುಂದೆ ಬಂದಳು.

"ಪ್ರೇಮಕ್ಕ, ಅದನ್ನ ನೆಟ್ಟೋಳು ನಾನು. ಯಾರೂ ಬೀಳದಿರ್ಲಿ ಅಂತ."

"ಕೊಂಬೆ ನೀನೇ ನೆಟ್ಟಿರ್ಬೋದು. ಅಮ್ಮನ ವಸ್ತ್ರ?"

ಸಿದ್ದಲಿಂಗಮ್ಮ ನೆಲ ನೋಡಿದಳು. "ಅದು ನನ್ನ ಹಳೇ ಲಂಗ ಕಣಕ್ಕ."

ಮೊದಲು ಕಿಸಕ್ಕೆಂದವರು ಸೆಲಿನಾ ಮಿಸ್. ಆಮೇಲೆ ಕೆಲಸದವರು, ಆಮೇಲೆ ಎಂಜಿನಿಯರ್. ಕಾಳಯ್ಯ ಮಾತ್ರ ಕೆಂಪು ಬಟ್ಟೆಯನ್ನೇ ನೋಡುತ್ತಿದ್ದ.

"ಇಷ್ಟು ದಿವ್ಸ ನಾನು ಇದಕ್ಕಾ ಕೈಮುಗಿದಿದ್ದು?"

"ಮದ್ವೆ ಆದಾಗಿಂದ ಒಂದಿನಾನೂ ನಂಗೆ ಮುಗೀಲಿಲ್ಲ" ಎಂದಳು ಸಿದ್ದಲಿಂಗಮ್ಮ, "ಲಂಗಕ್ಕಾದ್ರೂ ಮುಗಿದ್ರಲ್ಲ ಬುಡಿ."

ಪ್ರೇಮಮ್ಮ ನಗಲಿಲ್ಲ. ಬಟ್ಟೆ ಬಿಚ್ಚಿ ಸಿದ್ದಲಿಂಗಮ್ಮನ ಕೈಗಿಟ್ಟು, ಕೊಂಬೆಯನ್ನು ತಾವೇ ಜೋಪಾನವಾಗಿ ಕಿತ್ತರು. "ಬೇವಿಗೆ ಹಚ್ಚಿದ ಕುಂಕುಮ ಸುಳ್ಳಾಗಲ್ಲ. ಬೀದಿ ಕೊನೇಲಿ ದೊಡ್ಡ ಮರಾನೇ ಐತೆ, ಅಲ್ಲಿಡ್ತೀನಿ. ಆದ್ರೂ ಸಿದ್ದಲಿಂಗಿ, ಮೊದ್ಲೇ ಒಂದು ಮಾತು ಹೇಳ್ಬಾರ್ದಾ? ನನ್ನ ನಿಂಬೆಹಣ್ಣಾದ್ರೂ ಉಪ್ಪಿನಕಾಯಿಗೆ ಆಗ್ತಿತ್ತು."

ಮಧ್ಯಾಹ್ನಕ್ಕೆ ಹೊಸ ಚಪ್ಪಡಿ ಕೂತಿತು.

ಭಾನುವಾರ ಆಟೋ ಬಂತು. ರಕ್ಷಿತಾ ಇಳಿದು, ಅಮ್ಮನ ಕೈ ಹಿಡಿದು, ಕೆಳಗೆ ನೋಡದೆಯೇ ಚಪ್ಪಡಿ ದಾಟಿ ಒಳಗೆ ಹೋದಳು. ಸಿದ್ದಲಿಂಗಮ್ಮ ಮಾತ್ರ ನೋಡಿದಳು, ಒಂದೊಂದು ಹೆಜ್ಜೆಯನ್ನೂ. ಆಮೇಲೆ ಎಷ್ಟೋ ದಿನಗಳಿಂದ ತೆರೆದೇ ಇದ್ದ ಕಿಟಕಿಯನ್ನು ಮುಚ್ಚಿದಳು.

ಕಾಳಯ್ಯನ ಕಥೆ ಬೇರೆ. ಈಗ ಬೀದಿ ದೀಪ ಆರಲಿ, ಕಸ ಉಳಿಯಲಿ, ಓಣಿಯವರು ಅವನನ್ನೇ ಕೇಳುತ್ತಾರೆ. ಅವನು ಗಂಟಲು ಸರಿಮಾಡಿಕೊಂಡು ಹೇಳುತ್ತಾನೆ, "ಮೊದ್ಲು ಇದು ಯಾವ ವಿಭಾಗದ್ದು ಅಂತ ತಿಳ್ಕೊಳಿ. ಓಲಗದೋರ ಹತ್ರ ಸಾಂಬಾರ್ ಕೇಳ್ಬೇಡಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ವಾರ್ಡ್ ಸಂಖ್ಯೆ ನಿಮಗೆ ಗೊತ್ತೇ? ವಲಯ ಕಚೇರಿ ಎಲ್ಲಿದೆ ಎಂದು ನೋಡಿದ್ದೀರಾ? ಇಂದೇ ವಿಚಾರಿಸಿಕೊಳ್ಳಿ. ದೂರು ಕೊಟ್ಟರೆ ಅದರ ಸಂಖ್ಯೆ ಕೇಳಿ ಪಡೆಯಿರಿ. ಕೆಲಸ ತಡವಾದರೆ ಆ ಸಂಖ್ಯೆ ಹಿಡಿದು ಮೇಲಿನವರನ್ನು ಕೇಳಿ. ಪಾಲಿಕೆಗೆ ಚುನಾವಣೆ ಬಂದಾಗ ತಪ್ಪದೆ ಮತ ಹಾಕಿ. ತೀರ್ಮಾನಕ್ಕೆ ಕೂರುವ ಹಿರಿಯರನ್ನು ಆರಿಸುವವರು ನಾವೇ.

ಗುಂಡಿ ಕಂಡರೆ ಕೊಂಬೆ ನೆಡಿ, ಬಟ್ಟೆಯನ್ನೂ ಕಟ್ಟಿ, ತಪ್ಪಿಲ್ಲ. ಆದರೆ ಯಾರಾದರೂ ಅದಕ್ಕೆ ಹೂ ಮುಡಿಸುವುದಕ್ಕೆ ಮೊದಲು ನಿಮ್ಮ ವಲಯ ಕಚೇರಿಗೆ ಹೋಗಿ ಬನ್ನಿ.